ವಿಕೆಟ್ಟಿಗೊಂದು ಗರ್ನಾಲು

ಹೋದ ವಾರ ಕುಕ್ಕರಿನ ರಬ್ಬರ್ ಬದಲಾಯಿಸಿಕೊಂಡು ಬರಲು ಸಕಲೇಶಪುರಕ್ಕೆ ಹೋಗಿದ್ದೆ. ಅಂಗಡಿಯವನು ಅಳತೆ ನೋಡುತ್ತಿದ್ದ. ಅಷ್ಟರಲ್ಲಿ ಪಕ್ಕದ ಮೊಬೈಲ್ ಅಂಗಡಿಯ ಮುಂದೆ ಹುಡುಗರು ಹೋ ಎಂದು ಕೂಗಿ ಒಂದು ಸರ ಪಟಾಕಿ ಹಚ್ಚಿದರು. ನಮ್ಮ ತಂಡ ಮತ್ತೆ ಎಲ್ಲೋ ಹೊರದೇಶದಲ್ಲಿ ಗೆದ್ದಿತ್ತಂತೆ. ಹೊಗೆ ಅಂಗಡಿಯೊಳಗೆ ನುಗ್ಗಿತು. ಮದ್ದಿನ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತೆ. "ಯಾಕಕ್ಕ, ಬಿಪಿ ಐತಾ?" ಎಂದು ಅಂಗಡಿಯವನು ನೀರು ಕೊಟ್ಟ. ಬಿಪಿಯೂ ಇಲ್ಲ, ಶುಗರೂ ಇಲ್ಲ. ಆ ವರ್ಷದ ಕಾಫಿ ಕುಯ್ಲು ನೆನಪಾಗಿತ್ತು, ಅಷ್ಟೆ.

ಪಟಾಕಿ ವಾಸನೆ ಬಂದರೆ ಬಯಲಿನವರಿಗೆ ದೀಪಾವಳಿ ನೆನಪಾಗಬಹುದು. ನಮ್ಮ ವನಗೂರು ಕಡೆಯ ಗುಡ್ಡದವರಿಗೆ ಆನೆ ನೆನಪಾಗುತ್ತದೆ. ಇಲ್ಲಿ ಪ್ರತಿ ಮನೆಯ ಬಾಗಿಲ ಹಿಂದೆ ಕೊಡೆ, ಕತ್ತಿ ಇರುವ ಹಾಗೆ ಒಂದು ಕಟ್ಟು ಗರ್ನಾಲೂ ಇರುತ್ತದೆ. ನೂಲು ಬಿಗಿದು ಸುತ್ತಿದ ದಪ್ಪ ಪಟಾಕಿ ಅದು. ಒಂದು ಹೊಡೆದರೆ ಸುತ್ತಲ ಗುಡ್ಡಗಳೆಲ್ಲ ಮಾರ್ದನಿ ಕೊಡುತ್ತವೆ. ಹಿತ್ತಲಲ್ಲಿ ಬಾಳೆ ಮುರಿದ ಸದ್ದಾಗಲಿ, ತೋಟದ ದಾರಿಯಲ್ಲಿ ಹಸಿ ಲದ್ದಿ ಕಾಣಲಿ, ಮೊದಲು ಕೈ ಹೋಗುವುದು ಆ ಕಟ್ಟಿಗೆ.

ಆ ವರ್ಷ ಆನೆಗಳು ನಮ್ಮನ್ನು ನೆಮ್ಮದಿಯಾಗಿ ಉಸಿರಾಡಲು ಬಿಡಲಿಲ್ಲ. ಕಾಫಿ ಹಣ್ಣು ಕೆಂಪಗೆ ತೂಗುತ್ತಿತ್ತು, ಕುಯ್ಯಲು ಆಳಿಲ್ಲ. ನಮ್ಮಿಂದ ಆಚೆಗಿನ ಎಸ್ಟೇಟಿನಲ್ಲಿ ಕುಯ್ಲಿಗೆ ಬಂದ ಹೆಂಗಸೊಬ್ಬಳನ್ನು ಬೆಳಗಿನ ಮಂಜಿನಲ್ಲೇ ಆನೆ ತುಳಿದಿತ್ತು. ಪಾಪ, ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡೇ ಇದ್ದಳಂತೆ. ಜನ ರಸ್ತೆಯಲ್ಲಿ ಕೂತು ಕೂಗಾಡಿದರು, ದೊಡ್ಡವರು ಬಂದು ಸಮಾಧಾನ ಹೇಳಿ ಹೋದರು, ಆನೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಎಸ್ಟೇಟಿನ ಸಾಲುಮನೆಗಳಲ್ಲಿದ್ದ ಆಳುಗಳು ಗಂಟುಮೂಟೆ ಕಟ್ಟಿ ತಮ್ಮೂರ ದಾರಿ ಹಿಡಿದರು. ಹಣ್ಣು ಗಿಡದಲ್ಲೇ ಒಣಗಿ ಕಪ್ಪಾಗಿ ಉದುರುವುದನ್ನು ನೋಡಿಕೊಂಡು ಸುಮ್ಮನಿರಬೇಕಾಯಿತು. ಮಕ್ಕಳನ್ನು ಶಾಲೆಗೆ ಕಳಿಸಿದರೆ ಸಂಜೆ ಜೀಪಿನ ಸದ್ದು ಕೇಳುವವರೆಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ನನಗೆ ಈ ಭಯ ಎರಡರಷ್ಟು. ನನ್ನ ತಮ್ಮ ರಘು ಆನೆ ಕಾಯುವ ತಂಡದಲ್ಲಿದ್ದ. ಅರಣ್ಯ ಇಲಾಖೆಯವರು ಊರೂರಿನ ಹುಡುಗರನ್ನು ಸೇರಿಸಿ ಮಾಡಿಕೊಂಡ ತಂಡ. ಬೆಳಕು ಹರಿಯುವ ಮೊದಲೇ ಹೊರಡುವುದು, ಹೆಜ್ಜೆ ಲದ್ದಿ ನೋಡಿಕೊಂಡು ಆನೆ ಎಲ್ಲಿದೆ ಎಂದು ಪತ್ತೆ ಮಾಡುವುದು, ಆ ಕಡೆ ಆಳು ಕಳಿಸಬೇಡಿ ಎಂದು ತೋಟದವರಿಗೆಲ್ಲ ತಿಳಿಸುವುದು, ಸಾಧ್ಯವಾದರೆ ಪಟಾಕಿ ಹೊಡೆದು ಕಾಡಿನ ಕಡೆ ತಿರುಗಿಸುವುದು. ಕೈಯಲ್ಲೊಂದು ಕೋಲು, ಹೆಗಲ ಚೀಲದಲ್ಲಿ ಗರ್ನಾಲು, ಬೆಂಕಿಪೊಟ್ಟಣ. ಅಷ್ಟು ದೊಡ್ಡ ಪ್ರಾಣಿಯ ಎದುರು ಇಷ್ಟೇ. ಅಮ್ಮ ಹೋದ ಮೇಲೆ ಅವನು ನಮ್ಮ ಮನೆಯಲ್ಲೇ ಇದ್ದ. ನನಗಿಂತ ಬಹಳ ಚಿಕ್ಕವನು, ಎತ್ತಿ ಆಡಿಸಿ ಬೆಳೆಸಿದವಳು ನಾನೇ. ದಿನಾ ಬೆಳಿಗ್ಗೆ ಅವನು ಹೊರಟ ಮೇಲೆ ಅವನ ಫೋನು ಬರುವವರೆಗೆ ನಾನು ಮಾಡಿದ ಕೆಲಸ ಯಾವುದೂ ಕೆಲಸವಲ್ಲ. ಹಾಲು ಉಕ್ಕಿಸಿದ್ದೇನೆ, ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೇನೆ.

"ಬಿಟ್ಟಾಕೋ ಈ ಕೆಲ್ಸನ. ಹೆತ್ತೂರಲ್ಲಿ ಅಂಗಡಿ ಇಟ್ಕೊ, ಆಟೋ ಓಡ್ಸು, ಏನಾರ ಮಾಡು," ಎಂದು ಬೈದರೆ ಅವನದ್ದು ಒಂದೇ ಉತ್ತರ: "ನಾನು ಬುಟ್ರೆ ನಿನ್ ತೋಟಕ್ಕೆ ಆಳು ಬತ್ತಾರೇನಕ್ಕ?" ಅವನು ಹೇಳುವುದು ನಿಜವಾಗಿತ್ತು. ಉಳಿದ ನಾಲ್ಕು ಜನ ಆಳು ತೋಟಕ್ಕೆ ಕಾಲಿಡುತ್ತಿದ್ದುದೇ "ರಘಣ್ಣ ನೋಡ್ಕೊಂಡ್ ಬಂದವ್ನಾ?" ಎಂದು ಕೇಳಿಕೊಂಡು.

ಇಂಥಾ ಹಾಳು ಕಾಲದಲ್ಲಿ ನಮಗೆ ಸಿಕ್ಕ ಸುಖ ಒಂದೇ. ನಮ್ಮ ತಂಡ ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಆಡುತ್ತಿತ್ತು. ಅಲ್ಲಿಯ ಆಟ ನಮಗೆ ನಸುಕಿಗೇ ಶುರು. ಕಾಫಿ ಹರವುವ ಹೊತ್ತಿಗೆ ಊಟದ ವಿರಾಮ, ಆಳುಗಳು ತಿಂಡಿಗೆ ಕೂರುವ ಹೊತ್ತಿಗೆ ಅವರ ಟೀ. ಸುತ್ತಮುತ್ತ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿದ್ದುದು ದಿಬ್ಬದ ಮೇಲಿದ್ದ ನಮ್ಮ ಕಾಫಿ ಕಣದಲ್ಲಿ ಮಾತ್ರ. ಹಾಗಾಗಿ ಆಟ ನೋಡುವವರೆಲ್ಲ ಅಲ್ಲಿಗೇ. ಒಂದು ಮೊಬೈಲನ್ನು ತಕ್ಕಡಿಯ ತಟ್ಟೆಗೆ ಒರಗಿಸಿ ಇಟ್ಟರೆ ಮುಗಿಯಿತು. ಪಕ್ಕದ ತೋಟದ ಧರ್ಮಣ್ಣ ಮಫ್ಲರ್ ಸುತ್ತಿಕೊಂಡು, ತನ್ನ ಕಾಫಿ ಲೋಟ ತಾನೇ ಹಿಡಿದುಕೊಂಡು ಬರುತ್ತಿದ್ದ. ಆಲೂರು ಕಡೆಯಿಂದ ಆಳು ತುಂಬಿಕೊಂಡು ಬರುತ್ತಿದ್ದ ಜೀಪಿನ ರಫೀಕ್ ಆಳುಗಳನ್ನು ಇಳಿಸಿ, ಇನ್ನೇನು ಹೊರಟೆ ಹೊರಟೆ ಎನ್ನುತ್ತಲೇ ಮಧ್ಯಾಹ್ನ ಮಾಡುತ್ತಿದ್ದ. ಸಕಲೇಶಪುರದಿಂದ ಅವನ ಹೆಂಡತಿ ಫೋನು ಮಾಡಿದರೆ, "ಟೈರ್ ಪಂಕ್ಚರ್ ಕಣೇ," ಎನ್ನುತ್ತಿದ್ದ. ಆ ಸರಣಿ ಮುಗಿಯುವಷ್ಟರಲ್ಲಿ ಅವನ ಜೀಪಿಗೆ ಆದಷ್ಟು ಪಂಕ್ಚರ್ ಲೋಕದಲ್ಲಿ ಯಾವ ಗಾಡಿಗೂ ಆಗಿರಲಾರದು.

ಧರ್ಮಣ್ಣ ಆಟಗಾರರಿಗೆಲ್ಲ ತನ್ನದೇ ಹೆಸರಿಟ್ಟಿದ್ದ. ತೋಟದಲ್ಲಿ ನೆರಳಿಗೆ ನೆಟ್ಟ ಮರದ ಹಾಗೆ ದಿನವಿಡೀ ಅಲ್ಲಾಡದೆ ನಿಲ್ಲುವ ಬ್ಯಾಟ್ಸ್‌ಮನ್ "ಸಿಲ್ವರ್ ಮರ". ಎಸ್ಟೇಟಿನ ಲೆಕ್ಕ ಬರೆಯುವವನ ಹಾಗೆ ಒಂದೊಂದು ರನ್ನನ್ನೂ ಎಣಿಸಿ ತೆಗೆಯುವವನು "ರೈಟರ್". ಕಾಫಿ ಹಣ್ಣು ಸುಲಿಯುವ ಯಂತ್ರದ ಹಾಗೆ ಎದುರಿನವರನ್ನು ಸಿಪ್ಪೆ ಬೇರೆ ಬೀಜ ಬೇರೆ ಮಾಡುವ ವೇಗದ ಬೌಲರ್ "ಪಲ್ಪರ್". "ಪಲ್ಪರ್ ಆನ್ ಮಾಡ್ರಪ್ಪ!" ಎಂದು ಧರ್ಮಣ್ಣ ಕೂಗಿದರೆ ಕುಯ್ಲಿನ ಹೆಂಗಸರಿಗೂ ಗೊತ್ತಾಗುತ್ತಿತ್ತು ಯಾರ ಕೈಗೆ ಚೆಂಡು ಬಂತೆಂದು. ನಮ್ಮವರು ಆಡುವಾಗ ಯಾರೂ ಕೂತ ಜಾಗ ಬಿಡುವ ಹಾಗಿಲ್ಲ. ಒಂದು ಸಲ ಸಿಲ್ವರ್ ಮರ ನೂರರ ಹತ್ತಿರ ಬಂದಾಗ ನಾನು ಕಾಫಿ ಎಳೆಯುವ ಹಲಗೆ ಎತ್ತಿ ಹಿಡಿದಿದ್ದೆ. ಇಳಿಸಲು ಹೋದರೆ ಧರ್ಮಣ್ಣ, "ಸುಶೀಲಕ್ಕ, ಹಂಗೇ ಇರಿ! ದಮ್ಮಯ್ಯ ಅಂತೀನಿ!" ಎಂದು ಕೈಮುಗಿದುಬಿಟ್ಟ. ತೋಳು ಸೋತು ಬಿದ್ದುಹೋಗುವ ಹಾಗಾದರೂ ಹಾಗೇ ನಿಂತೆ, ಶತಕ ಬಂತು. ಆಮೇಲೆ ಮೂರು ದಿನ ಆ ತೋಳಿಗೆ ಎಣ್ಣೆ ತಿಕ್ಕಿಕೊಂಡೆ.

ಗೆಲುವು ಎಂದರೆ ಎಂಥ ಗೆಲುವು! ಮೊದಲ ಪಂದ್ಯ ಇನಿಂಗ್ಸ್ ಗೆಲುವು. ಎರಡನೆಯದರಲ್ಲಿ ಅವರು ಊಟಕ್ಕೆ ಮೊದಲೇ ಅರ್ಧ ಜನ ಔಟಾಗಿ ಒಳಗೆ. ಮೂರನೆಯದರಲ್ಲಿ ಮಳೆ ಬಂದು ಅವರನ್ನು ಉಳಿಸಿತು. ಧರ್ಮಣ್ಣನಿಗೆ ಇದು ನಂಬಲಿಕ್ಕೇ ಆಗುತ್ತಿರಲಿಲ್ಲ. "ನಮ್ಮಪ್ಪ ಟ್ರಾನ್ಸಿಸ್ಟರ್ ಕಿವಿಗಿಟ್ಕೊಂಡು ನಾವು ಸೋಲೋದನ್ನ ಕೇಳ್ತಾ ಕೇಳ್ತಾನೇ ಸತ್ತೋದ ಕಣ್ರೀ. ಪಿಚ್ ನೋಡಿದ್ರೇ ಹೆದರ್ಕೊಳ್ಳೋರು ನಮ್ಮೋರು. ಈಗ ನೋಡಿ, ಅವ್ರ ಮನೆ ಅಂಗಳ್ದಲ್ಲೇ ಅವ್ರನ್ನ ಕೂರ್ಸಿ ಹೊಡೀತಾವ್ರೆ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದ. ನಾವು ನಗುತ್ತಿದ್ದೆವು. ಆದರೆ ನಮಗೂ ಹಾಗೇ ಆಗುತ್ತಿತ್ತು. ತೋಟದಲ್ಲಿ, ದಾರಿಯಲ್ಲಿ, ಮನೆಯ ಹಿತ್ತಲಿನಲ್ಲಿ ಎಲ್ಲಾ ಕಡೆ ಹೆದರಿ ಬದುಕುವವರಿಗೆ ಎಲ್ಲೋ ಒಂದು ಕಡೆ ನಮ್ಮವರು ಎದೆ ಎತ್ತಿ ನಿಂತಿದ್ದಾರೆ ಎಂದರೆ ಎಷ್ಟು ಸಂತೋಷ ಎಂದು ಹೇಳಿ ಮುಗಿಸಲಾರೆ.

ರಘುಗೆ ಮಾತ್ರ ಆಟ ನೋಡಲು ಆಗುತ್ತಿರಲಿಲ್ಲ. ಕಾಡಂಚಿನಲ್ಲಿ ನೆಟ್‌ವರ್ಕ್ ಎಂಬುದಿಲ್ಲ, ನನಗೆ ಫೋನು ಮಾಡಲೂ ಅವನು ರಸ್ತೆಗೆ ಬರಬೇಕಿತ್ತು. ಹೆತ್ತೂರಿನ ಟೆನಿಸ್ ಬಾಲ್ ಪಂದ್ಯಗಳಲ್ಲಿ ಅವನೇ ಮೊದಲ ಓವರ್ ಹಾಕುತ್ತಿದ್ದವನು. ಅಂಥವನು ಪಲ್ಪರ್ ಬೌಲಿಂಗ್ ಮಾಡುವಾಗ ಆನೆಯ ಲದ್ದಿ ಮುಟ್ಟಿ ಬಿಸಿ ಇದೆಯೋ ತಣ್ಣಗಿದೆಯೋ ನೋಡುತ್ತಾ ಇರಬೇಕು. ಎರಡನೆಯ ಪಂದ್ಯದ ಹೊತ್ತಿಗೆ ಅವನೇ ಒಂದು ಉಪಾಯ ಹೇಳಿದ. "ಧರ್ಮಣ್ಣ, ವಿಕೆಟ್ ಬಿದ್ರೆ ಇಲ್ಲಿಂದ ಒಂದು ಗರ್ನಾಲ್ ಹೊಡೀರಿ. ನಾನು ಎಲ್ಲಿದ್ರೂ ಕೇಳ್ತದೆ. ಒಂದೇ ಹೊಡೀಬೇಕು ಮತ್ತೆ. ಮೂರು ಹೊಡೆದೀರ!"

ಮೂರು ಹೊಡೆಯುವುದು ನಮ್ಮ ಗುಡ್ಡಗಳಲ್ಲಿ ಹಳೆಯ ಪದ್ಧತಿ, ಫೋನು ಬರುವುದಕ್ಕಿಂತ ಮೊದಲಿನದು. ಆನೆ ಎದುರು ಯಾರಾದರೂ ಸಿಕ್ಕಿಕೊಂಡರೆ ಬೆನ್ನುಬೆನ್ನಿಗೆ ಮೂರು ಹೊಡೆಯುತ್ತಿದ್ದರು, ಜನ ಬನ್ನಿ ಎಂದು. ಕೇಳಿಸಿಕೊಂಡವರು ಅಲ್ಲಿಂದಲೇ ತಿರುಗಿ ಒಂದು ಹೊಡೆದು ಹೊರಡಬೇಕು, ಕೇಳಿಸಿತು, ಬರುತ್ತಿದ್ದೇವೆ ಎಂದು. ಮೊಬೈಲು ಬಂದ ಮೇಲೆ ಯಾರಿಗೆ ಬೇಕು ಅದೆಲ್ಲ. ಧರ್ಮಣ್ಣನ ವಯಸ್ಸಿನವರಿಗೆ ನೆನಪಿತ್ತು, ನನಗೂ ರಘುಗೂ ಅಪ್ಪ ಹೇಳಿದ್ದು ಅಷ್ಟಿಷ್ಟು ಗೊತ್ತಿತ್ತು, ಉಳಿದ ಹುಡುಗರಿಗೆ ಕೇಳಿಯೂ ಗೊತ್ತಿರಲಿಲ್ಲ.

ಹೀಗೆ ರಘುಗಾಗಿ ಶುರುವಾದದ್ದು ಊರಿಗೇ ಹಬ್ಬಿತು. ಹಳ್ಳದಾಚೆಯ ಕೆಳಗಿನೂರಿನವರೂ ವಿಕೆಟ್ಟಿಗೆ ಹೊಡೆಯತೊಡಗಿದರು. ಅವರ ಮನೆಗಳಲ್ಲಿ ಡಿಶ್ ಹಾಕಿಸಿದ ಟಿವಿ ಇತ್ತು. ಅವರಿಗೆ ವಿಕೆಟ್ ಬಿದ್ದು ಎಷ್ಟೋ ಹೊತ್ತಾದ ಮೇಲೆ ನಮ್ಮ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಿದ್ದ. ಮೊದಮೊದಲು ನಮಗೆ ಸಿಟ್ಟು ಬಂತು. ಆಮೇಲೆ ಅದೇ ಮೋಜಾಯಿತು. ಕೆಳಗಿನಿಂದ ಢಂ ಎಂದರೆ ಸಾಕು, "ಬಿತ್ತು! ಈ ಬಾಲಿಗೆ ಬೀಳ್ತದೆ ನೋಡ್ತಿರಿ," ಎಂದು ಧರ್ಮಣ್ಣ ಮೊಬೈಲಿನ ಮುಂದೆ ಭವಿಷ್ಯ ಹೇಳುವವನ ಹಾಗೆ ಕೂರುತ್ತಿದ್ದ. ನಿಜವಾಗಿಯೂ ಬೀಳುತ್ತಿತ್ತು. ಆಗ ನಮ್ಮ ಕಣದಿಂದ ಒಂದು, ರಸ್ತೆಯ ಮೇಲಿನ ಅಂಗಡಿಯಿಂದ ಒಂದು. ದೊಡ್ಡ ವಿಕೆಟ್ ಬಿದ್ದರೆ ಒಂದಕ್ಕೆ ನಿಲ್ಲುತ್ತಲೂ ಇರಲಿಲ್ಲ. ಲೆಕ್ಕ ಎಂದೋ ತಪ್ಪಿಹೋಗಿತ್ತು. ರಘುವಿನ ಮೇಲಿನವರು, "ಏನ್ರೋ ಇದು, ಆನೆಗೂ ತಲೆ ಕೆಡ್ತದೆ, ನಮಗೂ ತಲೆ ಕೆಡ್ತದೆ," ಎಂದು ಅವನನ್ನು ಬೈದರಂತೆ. ಅವನು ಸಂಜೆ ಬಂದು ನಕ್ಕೊಂಡು ಹೇಳಿದ. "ಈ ಪಂದ್ಯ ಒಂದು ಮುಗೀಲಿ ಬಿಡಕ್ಕ. ಗೆದ್ದ ಮ್ಯಾಲೆ ಎಲ್ರಿಗೂ ನಾನೇ ಹೇಳ್ತೀನಿ."

ಕೊನೆಯ ಪಂದ್ಯದ ಕೊನೆಯ ದಿನ. ಅವರು ಎಂಟು ವಿಕೆಟ್ ಕಳೆದುಕೊಂಡು, ನಮ್ಮ ಮೊತ್ತದ ಹತ್ತಿರಕ್ಕೂ ಬರಲಾಗದೆ ಏದುಸಿರು ಬಿಡುತ್ತಿದ್ದರು. ಉಳಿದದ್ದು ಎರಡು ವಿಕೆಟ್. ನಮ್ಮನೆಯವರು ಕಾಫಿ ಲೋಡಿನ ಜೊತೆ ಸಕಲೇಶಪುರಕ್ಕೆ ಹೋಗಿದ್ದರು. ರಘು ಕತ್ತಲಿರುವಾಗಲೇ ರೊಟ್ಟಿ ತಿಂದು, ಚೀಲ ಹೆಗಲಿಗೇರಿಸಿ, "ಎದುರು ಗುಡ್ಡದ ಎಸ್ಟೇಟಿಗೆ ಒಂಟಿ ಸಲಗ ಇಳಿದೈತಂತೆ. ನಾನು, ಲೋಕೇಶ ಹೋಗ್ತಿದ್ದೀವಿ. ಇವತ್ತು ಬೇಗ ಮುಗಿದೋಗ್ತದೆ ಮ್ಯಾಚು. ನಿನ್ ಆಳುಗಳ್ನ ಹಳ್ಳದ ಕಡೆ ಕಳಿಸ್ಬ್ಯಾಡ," ಎಂದ. ಲೋಕೇಶ ಅವನ ಜೊತೆಗಾರ, ಅದೇ ತಂಡದವನು. "ಹುಷಾರು ಕಣೋ," ಎಂದೆ. ದಿನಾ ಹೇಳುವ ಮಾತು, ದಿನದ ಹಾಗೇ ಹೇಳಿದೆ.

ಬಿಸಿಲು ಬಂದರೂ ಮಂಜು ಕಣಿವೆ ಬಿಟ್ಟು ಎದ್ದಿರಲಿಲ್ಲ. ಎದುರು ಗುಡ್ಡದ ತಲೆ ಮಾತ್ರ ಕಾಣುತ್ತಿತ್ತು. ಕಣದಲ್ಲಿ ಕಾಫಿ ಹರವಿ ಎಲ್ಲರೂ ಮೊಬೈಲಿನ ಸುತ್ತ ಕೂತಿದ್ದೆವು. ರಫೀಕ್ ಸಕಲೇಶಪುರದಿಂದ ಒಂದು ಡಬ್ಬಿ ಮೈಸೂರು ಪಾಕು ತಂದಿದ್ದ, ಗೆಲ್ಲುವ ಮೊದಲು ಮುಟ್ಟಬಾರದೆಂದು ಕಾಲ ಕೆಳಗಿಟ್ಟುಕೊಂಡಿದ್ದ.

ಆಗ ಢಂ. ಢಂ. ಢಂ.

"ಬಿತ್ತು ಬಿತ್ತು! ಎರಡೂ ಬಿತ್ತಾ ಏನ್ ಕತೆ!" ಎಂದು ಧರ್ಮಣ್ಣ ನಿಂತೇಬಿಟ್ಟ. ಸದ್ದು ಎಲ್ಲಿಂದ ಬಂತು ಎಂದು ಯಾರೂ ನೋಡಲಿಲ್ಲ. ಮಂಜಿನಲ್ಲಿ, ಆ ಮಾರ್ದನಿಯಲ್ಲಿ, ಕೆಳಗಿನೂರಿನದೋ ಎದುರು ಗುಡ್ಡದ್ದೋ ಹೇಳುವುದೂ ಕಷ್ಟ. ಎಲ್ಲರೂ ಉಸಿರು ಹಿಡಿದು ಮೊಬೈಲು ನೋಡಿದೆವು. ಪಲ್ಪರ್ ಓಡಿ ಬಂದ, ಹಾಕಿದ, ಬ್ಯಾಟ್ಸ್‌ಮನ್ ತಡೆದ. "ಮುಂದಿನ ಬಾಲು," ಎಂದ ಧರ್ಮಣ್ಣ. ಅದನ್ನೂ ತಡೆದ. ಅಷ್ಟರಲ್ಲಿ ಕೆಳಗಿನೂರಿನಿಂದ ಗರ್ನಾಲು ಹಾರಿತು. ರಸ್ತೆಯ ಅಂಗಡಿಯಿಂದ ಹಾರಿತು. "ನೋಡಿ, ಎಲ್ರಿಗೂ ಕಂಡ್‌ಬುಡ್ತು, ನಮ್ಮ ದರಿದ್ರ ನೆಟ್‌ವರ್ಕ್‌ಗೆ ಮಾತ್ರ ಕಾಣ್ಲಿಲ್ಲ," ಎಂದು ಧರ್ಮಣ್ಣ ಇನ್ನು ಕಾಯಲಾರದೆ ನಮ್ಮ ಕಣದಿಂದಲೂ ಒಂದು ಹಚ್ಚಿದ. ಆಳು ಹೆಂಗಸರು ಕಿವಿ ಮುಚ್ಚಿಕೊಂಡು ನಕ್ಕರು.

ಓವರ್ ಮುಗಿಯಿತು. ವಿಕೆಟ್ ಬೀಳಲಿಲ್ಲ. ಇನ್ನೊಂದು ಓವರ್ ಶುರುವಾಯಿತು. ಅದರಲ್ಲೂ ಬೀಳಲಿಲ್ಲ.

"ಧರ್ಮಣ್ಣ, ವಿಕೆಟ್ ಬಿದ್ದೇ ಇಲ್ಲ," ಎಂದೆ.

"ಬೀಳ್ತದೆ ತಡೀರಿ ಸುಶೀಲಕ್ಕ. ನೆಟ್‌ವರ್ಕ್ ಸ್ಲೋ ಐತೆ."

"ಎರಡು ಓವರ್ ಆಯ್ತು! ಎರಡು ಓವರ್‌ನಷ್ಟು ಸ್ಲೋ ಇರ್ತದಾ? ವಿಕೆಟ್ ಬೀಳ್ದೆ ಮೂರು ಯಾರು ಹೊಡೆದ್ರು?"

ಧರ್ಮಣ್ಣ ನನ್ನ ಮುಖ ನೋಡಿದ. ಅದೇ ಹೊತ್ತಿಗೆ ಮತ್ತೆ ಮೂರು. ಈ ಸಲ ಕಿವಿಗೊಟ್ಟು ಕೇಳಿದೆ. ಎದುರು ಗುಡ್ಡ. ಅದರ ಬೆನ್ನಿಗೇ ಕೆಳಗಿನೂರಿನಿಂದ ಒಂದು ಸರವನ್ನೇ ಹಚ್ಚಿದರು, ಪಟಪಟ ಪಟಪಟ ಎಂದು ಕಣಿವೆಯೆಲ್ಲ ತುಂಬಿತು. ಗೆದ್ದೇ ಬಿಟ್ಟೆವು ಎಂದುಕೊಂಡಿದ್ದರು ಅವರು. ಕರೆಂಟು ಹೋಗಿ ಅವರ ಟಿವಿ ಆಗ ಆರಿತ್ತಂತೆ, ಮೇಲಿನಿಂದ ಸದ್ದು ಕೇಳಿದ್ದೇ ಮೇಲಿನವರಿಗೆ ಮೊದಲು ಗೊತ್ತಾಗಿದೆ ಎಂದುಕೊಂಡರೋ ಏನೋ. ನಾವು ಅವರನ್ನು ನಂಬಿದ್ದೆವು, ಅವರು ನಮ್ಮನ್ನು ನಂಬಿದ್ದರು.

ರಘುವಿನ ನಂಬರಿಗೆ ಫೋನು ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು ಆ ಹೆಂಗಸು. ಲೋಕೇಶನಿಗೆ ಮಾಡಿದೆ, ಅದೇ ಹೆಂಗಸು, ಅದೇ ಮಾತು. ಅವಳ ದನಿ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಧರ್ಮಣ್ಣ ಇಲಾಖೆಯವರಿಗೆ ಫೋನು ಹಚ್ಚುತ್ತಾ ನಿಂತ, ನಂಬರು ಮತ್ತೆ ಮತ್ತೆ ತಪ್ಪುತ್ತಿತ್ತು. "ರಫೀಕ್, ಜೀಪ್ ತೆಗಿ!" ಎಂದೆ. ಅವನು ಎದ್ದು ಓಡುವಾಗ ಸಿಹಿ ಡಬ್ಬಿಗೆ ಕಾಲು ತಾಗಿ ಎಲ್ಲಾ ಕಣದ ಮೇಲೆ ಚೆಲ್ಲಿತು.

ಎದುರು ಗುಡ್ಡಕ್ಕೆ ಹೋಗಬೇಕಾದರೆ ಹಳ್ಳಕ್ಕಿಳಿದು ಕೆಳಗಿನೂರಿನ ಮೂಲಕವೇ ಹತ್ತಬೇಕು. ಊರು ಮುಟ್ಟುವಷ್ಟರಲ್ಲಿ ನಿಜವಾದ ವಿಕೆಟ್‌ಗಳೂ ಬಿದ್ದಿದ್ದವು. ಒಂದರ ಹಿಂದೆ ಒಂದು ಎರಡೂ ಬಿದ್ದು ಕೊನೆಯ ಪಂದ್ಯವೂ ನಮ್ಮದಾಗಿತ್ತು. ರಸ್ತೆಯ ತುಂಬ ಜನ. ಬಾವುಟ, ತಮಟೆ, ಶಿಳ್ಳೆ. ಜೀಪಿನ ಮುಂದೆಯೇ ಸರ ಹಾಸಿ ಹಚ್ಚಿದರು, ಅದು ಉರಿದು ಮುಗಿಯುವವರೆಗೆ ಗಾಡಿ ಮುಂದೆ ಹೋಗುವ ಹಾಗಿಲ್ಲ. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ನಿಲ್ಲಿಸ್ರೋ! ಪಟಾಕಿ ನಿಲ್ಲಿಸ್ರೋ! ಗುಡ್ಡದಲ್ಲಿ ರಘು 'ಬನ್ನಿ' ಅಂತ ಹೊಡೀತಾವ್ನೆ!" ಎಂದು ಕಿರುಚಿದೆ. ಆ ಗಲಾಟೆಯಲ್ಲಿ ಯಾರಿಗೆ ಏನು ಕೇಳೀತು? ಸುಶೀಲಕ್ಕನೂ ಖುಷಿಯಲ್ಲಿ ಕೂಗುತ್ತಿದ್ದಾಳೆ ಎಂದುಕೊಂಡರು. ಒಬ್ಬಳು, ನನಗೆ ಗೊತ್ತಿದ್ದವಳೇ, ಓಡಿ ಬಂದು, "ಗೆದ್‌ಬುಟ್ವಲ್ಲ ಕಣಕ್ಕೋ!" ಎಂದು ನನ್ನ ತೆರೆದ ಬಾಯಿಗೆ ಲಾಡು ತುರುಕಿದಳು. ಅದನ್ನು ಉಗುಳಿದೆ. ಅವಳ ಮುಖ ಸಣ್ಣದಾಯಿತು. ಹಾರನ್ ಒತ್ತಿದಷ್ಟೂ ಅವರು ಕುಣಿದರು. ರಫೀಕ್ ಕೊನೆಗೆ ಇಳಿದು, ಉರಿಯುತ್ತಿದ್ದ ಸರವನ್ನು ಬೂಟುಗಾಲಲ್ಲಿ ಒದ್ದು ಚರಂಡಿಗೆ ತಳ್ಳಿ, ಬಂದು ಗಾಡಿ ಹತ್ತಿದ. ಆಗ ಜನ ಸ್ವಲ್ಪ ಸುಮ್ಮನಾಗಿ ದಾರಿ ಬಿಟ್ಟರು. ಕುಡಿದವನಿರಬೇಕು ಎಂದು ಯಾರೋ ಬೈದದ್ದು ಕೇಳಿಸಿತು.

ಎಸ್ಟೇಟಿನ ಗೇಟು ದಾಟಿದ ಮೇಲೆ ನಾನು ದೇವರನ್ನು ಕೇಳಿಕೊಳ್ಳಲಿಲ್ಲ, ಇನ್ನೊಂದು ಮೂರು ಕೇಳಿಸಲಿ ಎಂದಷ್ಟೇ ಕೇಳಿಕೊಂಡೆ. ಕೇಳಿಸಲಿಲ್ಲ. ಹಿಂದಿನಿಂದ, ಕಣಿವೆಯಿಂದ, ರಸ್ತೆಯ ಕಡೆಯಿಂದ ಗೆದ್ದವರ ಸದ್ದು ಮಾತ್ರ ಬರುತ್ತಲೇ ಇತ್ತು.

ಮೊದಲು ಕಂಡವನು ಲೋಕೇಶ. ತೋಟದ ಮಧ್ಯದ ದೊಡ್ಡ ಬಂಡೆಯ ಮೇಲೆ ಮಂಡಿ ತಬ್ಬಿಕೊಂಡು ಕೂತಿದ್ದ. ಮೈಗೆ ಒಂದು ಗಾಯವಿಲ್ಲ. ನನ್ನನ್ನು ನೋಡಿ ಕೈ ಮಾತ್ರ ಎತ್ತಿ ಬಂಡೆಯ ಕೆಳಗಿನ ದಾರಿ ತೋರಿಸಿದ. ಕಾಫಿ ಗಿಡಗಳು ಸಾಲಾಗಿ ಮುರಿದು ನೆಲಕ್ಕೆ ಒರಗಿದ್ದವು. ಆನೆ ಹೋಗಿತ್ತು. ರಘು ಒಂದು ಮರದ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಮುಖಕ್ಕೆ ಏನೂ ಆಗಿರಲಿಲ್ಲ. ಎದೆಯಿಂದ ಕೆಳಗೆ ನಾನು ಒಂದು ಸಲ ನೋಡಿದೆ, ಮತ್ತೆ ನೋಡಲಿಲ್ಲ. ಮೂಗಿನ ಬಳಿ ಕೈ ಹಿಡಿದೆ, ಉಸಿರು ಆಡುತ್ತಿತ್ತು.

ಲೋಕೇಶ ಇಳಿದು ಬಂದ. ಮೂವರೂ ಸೇರಿ ರಘುವನ್ನು ಜೀಪಿನಲ್ಲಿದ್ದ ಜಮಖಾನದ ಮೇಲೆ ಎಳೆದುಕೊಂಡು ಜೀಪಿನ ಹಿಂದೆ ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ. ರಫೀಕ್ ಕೆಳಗಿನೂರು ತಪ್ಪಿಸಿ ಎಸ್ಟೇಟಿನ ಒಳದಾರಿಯಲ್ಲೇ ಹೆತ್ತೂರಿನ ಮೂಲಕ ಸಕಲೇಶಪುರದ ಆಸ್ಪತ್ರೆಯ ಕಡೆ ಹೊಡೆದ. ಒಂದೊಂದು ಗುಂಡಿಗೂ ರಘು ಮುಲುಗುತ್ತಿದ್ದ. ಮುಲುಗುವುದು ಕೇಳಿದರೆ ಜೀವ ಹೋಗುತ್ತಿತ್ತು, ನಿಂತರೆ ಇನ್ನೂ ಹೆದರಿಕೆಯಾಗುತ್ತಿತ್ತು.

ಸ್ವಲ್ಪ ದೂರ ಹೋದ ಮೇಲೆ ಕಣ್ಣು ಬಿಟ್ಟ. "ಅಕ್ಕ. ಬಂದ್ಯಾ?"

"ಬಂದ್ನೋ. ಮಾತಾಡ್ಬ್ಯಾಡ, ಸುಮ್ನೆ ಮಲಿಕ್ಕೊ."

"ಎಷ್ಟು ಜನ ಬಂದವ್ರೆ?"

ನನಗೆ ಅರ್ಥವಾಗಲಿಲ್ಲ. ಅವನು ಉಸಿರು ಕೂಡಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಹೇಳಿದ. "ಬಂಡೆ ಮೇಲೆ ಸಿಕ್ಕಾಕ್ಕೊಂಡ್ವಿ. ಕೆಳಗೇ ನಿಂತಿತ್ತು ಸಲಗ. ಮೂರು ಹೊಡೆದ್ವಿ. ಯಾರಿಗೆ ನೆನಪಿರ್ತದೆ, ಯಾರ್ ಬತ್ತಾರೆ ಅಂದ್ಕೊಂಡೆ. ಆಮ್ಯಾಕೆ ನೋಡು, ಕೆಳಗಿನೂರಿಂದ ಬಂತು. ಅಂಗಡಿ ಕಡೆಯಿಂದ ಬಂತು. ನಮ್ ಕಣದಿಂದಾನೂ ಬಂತು. ಇನ್ನೊಂದ್ ಸಲ ಹೊಡೆದ್ರೆ ಇನ್ನೂ ಜಾಸ್ತಿ ಬಂತು. ಇಡೀ ಊರೇ ಹೊರಟೈತೆ ಕಣೋ ಅಂದೆ ಲೋಕಿಗೆ."

ಲೋಕೇಶ ಮುಖ ಆ ಕಡೆ ತಿರುಗಿಸಿಕೊಂಡ. ಅವನ ಭುಜ ಅಲುಗುತ್ತಿತ್ತು.

"ಅವ್ನು ಇಳೀಬ್ಯಾಡ ಅಂದ. ನಾನೇ ಇಳಿದೆ. ಮಂಜಲ್ಲಿ ಅಷ್ಟು ಜನ ಸೀದಾ ಆನೆ ಮೇಲೇ ಬಂದ್‌ಬುಟ್ರೆ? ಹೆಂಗಸ್ರೂ ಇರ್ತಾರೆ. ಮುಂದೆ ಹೋಗಿ ತಡೀಬೇಕಿತ್ತು ಅಕ್ಕ." ಕಣ್ಣು ಮುಚ್ಚಿದ, ಮತ್ತೆ ಬಿಟ್ಟ. "ಯಾರಿಗೂ ಏನೂ ಆಗ್ಲಿಲ್ವಲ್ಲ?"

"ಇಲ್ಲ ಕಣೋ. ಎಲ್ರೂ ಚೆನ್ನಾಗವ್ರೆ," ಎಂದೆ. ಅದು ಸುಳ್ಳಲ್ಲ. ಎಲ್ಲರೂ ಬಹಳ ಚೆನ್ನಾಗಿದ್ದರು.

ಹೆತ್ತೂರು ದಾಟುವಾಗ ಅಲ್ಲಿಯೂ ಪಟಾಕಿ. ರಸ್ತೆಯ ಎರಡೂ ಬದಿಯಿಂದ ಹೊಡೆಯುತ್ತಿದ್ದರು. ರಘು ಕಿವಿಗೊಟ್ಟ. ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡ. "ಇನ್ನೂ ಬತ್ತಾವ್ರಲ್ಲ. ವಾಪಸ್ ಹೋಗೋಕೆ ಹೇಳಕ್ಕ. ಸಲಗ ಅಲ್ಲೇ ಎಲ್ಲೋ ಐತೆ."

"ಹೇಳ್ತೀನಿ ಕಣೋ. ಎಲ್ರಿಗೂ ಹೇಳ್ತೀನಿ," ಎಂದೆ.

ಸೆರಗು ಹಿಡಿದ ಕೈ ಸಡಿಲವಾಯಿತು. ರಫೀಕ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಸಕಲೇಶಪುರ ಇನ್ನೂ ಬಹಳ ದೂರವಿತ್ತು. ಅವನು ಜೀಪನ್ನು ನಿಧಾನ ಮಾಡಿದ.